ಟಾರು ರಸ್ತೆಯ ಗಾಡಿ, ಮಣ್ಣಿನ ಕಣ

ಭಾರವಾದ ಮೋಟಾರುಸೈಕಲ್ಲನ್ನು ಮಣ್ಣಿನ ಅಭ್ಯಾಸದ ಕಣಕ್ಕೆ ಇಳಿಸುವುದು ತೀರ ಇತ್ತೀಚಿನ ಹವ್ಯಾಸ, ಕೈಯಲ್ಲಿ ಹಣವೂ ರವಿವಾರದ ಬಿಡುವೂ ಉಳ್ಳವರ ಮೋಜು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂಥ ಕಣವೊಂದರ ಅಂಚಿನಲ್ಲಿ ನಿಂತು ನೋಡಿದವರಿಗೆ ಹಾಗೆ ಅನಿಸುವುದು ಸಹಜವೇ. ಟಾರು ರಸ್ತೆಗೆಂದೇ ತಯಾರಾದ, 200 ಕಿಲೋ ದಾಟಿದ ಗಾಡಿ. ಆಳವಾದ ಗೆರೆಗಳಿಲ್ಲದ ಟಯರು. ನೆಲಕ್ಕೆ ಹತ್ತಿರವಾಗಿ ಚಾಚಿದ ಸೈಲೆನ್ಸರು. ಅದನ್ನು ತಂದು ದಿನ್ನೆ ಹತ್ತಿಸಿ, ಕೊರಕಲಿಗೆ ಇಳಿಸಿ, ಉಸುಕಿನಲ್ಲಿ ಹೂತು, ಬೆವರು ಸುರಿಸಿ ಮತ್ತೆ ಎಬ್ಬಿಸಿ ನಿಲ್ಲಿಸುವ ಈ ಕಸರತ್ತು ಏಕೆ? ಮಣ್ಣಿಗೆಂದೇ ಮಾಡಿದ ಹಗುರವಾದ ಗಾಡಿಗಳು ಇವೆಯಲ್ಲ! ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಮೋಜಿನ ಲೋಕವನ್ನಲ್ಲ. ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡನ್ನು, ಅಲ್ಲಿನ ಸೇನಾ ತರಬೇತಿ ಶಾಲೆಗಳನ್ನು, ಮತ್ತು ಒಬ್ಬ ಮೆದುಳಿನ ಶಸ್ತ್ರವೈದ್ಯರ ಲೆಕ್ಕದ ಪುಸ್ತಕವನ್ನು.

ಮೊದಲು ಒಂದು ಮಾತು. ರಸ್ತೆಯ ಗಾಡಿ ಬೇರೆ, ಮಣ್ಣಿನ ಗಾಡಿ ಬೇರೆ ಎಂಬ ವಿಂಗಡಣೆ ಮೋಟಾರುಸೈಕಲ್ಲಿನಷ್ಟು ಹಳೆಯದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಊರು ದಾಟಿದರೆ ಯುರೋಪಿನಲ್ಲೂ ರಸ್ತೆಯೆಂದರೆ ಜಲ್ಲಿ, ಧೂಳು, ಮಳೆಗಾಲದಲ್ಲಿ ಕೆಸರು. ಗಾಡಿ ಗಟ್ಟಿಯೋ ಅಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಗುಡ್ಡ ಹತ್ತಿಸಬೇಕಿತ್ತು. 1909ರಲ್ಲಿ ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಮೊದಲಾದ ಪರೀಕ್ಷಾ ಸವಾರಿ 1911ರಿಂದ ಆರು ದಿನಗಳದಾಯಿತು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಮೊದಲ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆ ನಡೆಯಿತು. ಮರುವರ್ಷ ಯಾರ್ಕ್‌ಷೈರಿನ ಕಾರ್ಖಾನೆಯ ಒಡೆಯ ಆಲ್ಫ್ರೆಡ್ ಸ್ಕಾಟ್ ತನ್ನ ಕೆಲಸಗಾರರಿಗೇ ಒಂದು ಸವಾಲು ಹಾಕಿದ: ನೀವು ಮಾಡುವ ಗಾಡಿಯನ್ನು ನೀವೇ ಹತ್ತಿ ಈ ಕಣಿವೆಗಳನ್ನು ದಾಟಿ ತೋರಿಸಿ ಎಂದು. ಆ ಸ್ಪರ್ಧೆ ಇಂದಿಗೂ ಅವನ ಹೆಸರಿನಲ್ಲಿ ನಡೆಯುತ್ತಿದೆ. 1924ರಲ್ಲಿ ಲಂಡನ್ನಿನ ನೈರುತ್ಯಕ್ಕಿರುವ ಕ್ಯಾಂಬರ್ಲಿಯ ಬಯಲಿನಲ್ಲಿ ಅದರದೇ ದಕ್ಷಿಣದ ಆವೃತ್ತಿಯೊಂದನ್ನು ಏರ್ಪಡಿಸಿದಾಗ, ಇದು ವೇಗವನ್ನು ಮಾತ್ರ ಅಳೆಯುತ್ತದೆ, ಕೌಶಲವನ್ನಲ್ಲ. ಆದ್ದರಿಂದ ಇದನ್ನು ‘ಟ್ರಯಲ್’ ಎನ್ನುವಂತಿಲ್ಲ ಎಂದು ಕ್ರೀಡಾಸಂಸ್ಥೆ ತಕರಾರು ತೆಗೆಯಿತು. ಆಗ ಇಟ್ಟ ಹೆಸರು ‘ಸ್ಕ್ರ್ಯಾಂಬಲ್’. ಮುಂದೆ ಮೋಟೋಕ್ರಾಸ್ ಎನಿಸಿಕೊಂಡ ಆಟದ ಹುಟ್ಟು ಅಲ್ಲಿ.

ಈ ಎಲ್ಲ ಸ್ಪರ್ಧೆಗಳಲ್ಲಿ ಓಡಿದವು ವಾರದ ದಿನಗಳಲ್ಲಿ ಕೆಲಸಕ್ಕೆ ಒಯ್ಯುವ ಗಾಡಿಗಳೇ ಎಂಬುದನ್ನು ನಾವು ನೆನಪಿಡಬೇಕು. ದೀಪ ಬಿಚ್ಚಿ, ಟಯರು ಬದಲಿಸಿ, ಚೈನಿನ ಹಲ್ಲುಚಕ್ರವನ್ನು ಹಿರಿದೋ ಕಿರಿದೋ ಮಾಡಿದರೆ ಮುಗಿಯಿತು. ಗಾಡಿ ಮಾಡಲಾರದ್ದನ್ನು ಸವಾರನ ಮೈ ಮಾಡಬೇಕಿತ್ತು. ಹೀಗೆ ಎರಡು ಮೂರು ದಶಕಗಳಲ್ಲಿ ಒಂದು ವಿದ್ಯೆ ಮೈಗೂಡಿತು. ಅದನ್ನು ಯಾರೂ ಗ್ರಂಥವಾಗಿಸಲಿಲ್ಲ. ಕುಸ್ತಿಯ ಪಟ್ಟುಗಳಂತೆ ಒಬ್ಬರಿಂದೊಬ್ಬರಿಗೆ ದಾಟಿತು. ಅದಕ್ಕೆ ಸರಕಾರದ ಅಗತ್ಯ ಒದಗಿದ್ದು ಯುದ್ಧ ಬಂದಾಗ.

ಬ್ರಿಟಿಷ್ ಸೇನೆ 1930ರ ದಶಕದ ಉತ್ತರಾರ್ಧದಲ್ಲಿ ಮೋಟಾರುಸೈಕಲ್ಲುಗಳನ್ನು ಆರಿಸುತ್ತಿದ್ದಾಗ ಅದರ ಮುಂದಿದ್ದ ಆಯ್ಕೆಗಳಲ್ಲಿ ಬಿಎಸ್‌ಎ ಕಂಪನಿಯ ಎಂ-20 ಒಂದು. 496 ಸಿಸಿಯ ಒಂಟಿ ಸಿಲಿಂಡರು, ಸೈಡ್-ವಾಲ್ವ್ ಎಂಜಿನ್ನು, ಸುಮಾರು 13 ಅಶ್ವಶಕ್ತಿ, ತೂಕ 170 ಕಿಲೋದ ಆಸುಪಾಸು. ಹಿಂಬದಿಗೆ ಶಾಕ್ ಅಬ್ಸಾರ್ಬರ್ ಎಂಬುದೇ ಇಲ್ಲ. ಸವಾರನ ಬೆನ್ನೆಲುಬಿಗೂ ನೆಲಕ್ಕೂ ನಡುವೆ ಇದ್ದದ್ದು ಸೀಟಿನ ಕೆಳಗಿನ ಎರಡು ಸ್ಪ್ರಿಂಗು ಮಾತ್ರ. ಮುಂದೆ ಕಬ್ಬಿಣದ ಸರಳುಗಳನ್ನು ಜೋಡಿಸಿದ ಗರ್ಡರ್ ಫೋರ್ಕು. ಗಾಡಿ ಭಾರವಾಯಿತು, ಹೊಟ್ಟೆ ನೆಲಕ್ಕೆ ತೀರ ಹತ್ತಿರವಾಯಿತು ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ಆದರೂ ಯುದ್ಧ ಮುಗಿಯುವ ಹೊತ್ತಿಗೆ ಈ ಮಾದರಿಯ ಸುಮಾರು 1,26,000 ಗಾಡಿಗಳು ತಯಾರಾಗಿದ್ದವು. ಅದೇ ಜಾತಿಯ ನಾರ್ಟನ್ 16ಎಚ್ ಸುಮಾರು ಒಂದು ಲಕ್ಷ.

ಏಕೆ ಹೀಗಾಯಿತು? ಸೈಡ್-ವಾಲ್ವ್ ಎಂಜಿನ್ನು ಸರಳ. ಅದರ ತಲೆ ಬಿಚ್ಚಲು ಹೆಚ್ಚಿನ ಸಲಕರಣೆ ಬೇಡ, ಪೆಟ್ರೋಲು ಕಳಪೆಯಾದರೂ ಅದು ಸಹಿಸುತ್ತದೆ, ಹಳ್ಳಿಯ ಕಮ್ಮಾರನೂ ಒಂದು ಮಟ್ಟಕ್ಕೆ ರಿಪೇರಿ ಮಾಡಬಲ್ಲ. ಕಾರ್ಖಾನೆಯಲ್ಲಿ ಅಚ್ಚುಗಳು ಸಿದ್ಧವಾಗಿದ್ದವು, ಬೆಲೆ ಕಡಿಮೆ, ಸಾವಿರಗಟ್ಟಲೆ ಬೇಗ ಬೇಗ ತೆಗೆಯಬಹುದಿತ್ತು. ಒಟ್ಟಿನಲ್ಲಿ ಅದು ಗುಮಾಸ್ತನೊಬ್ಬ ಪಟ್ಟಣದಿಂದ ಪಟ್ಟಣಕ್ಕೆ ಹೋಗಲು ಮಾಡಿದ್ದ ಸಾಧು ಗಾಡಿ. ಹಸಿರು ಬಣ್ಣ ಬಳಿದು ಅದನ್ನು ಯುದ್ಧಕ್ಕೆ ಕಳಿಸಲಾಯಿತು. ಈ ತೀರ್ಮಾನವನ್ನು ನಾವು ಮೂರ್ಖತನವೆನ್ನುವುದಿಲ್ಲ. ಕಡಿಮೆ ಸಮಯದಲ್ಲಿ ಹೆಚ್ಚು ಗಾಡಿ ಬೇಕಾಗಿದ್ದ ಕಾಲದಲ್ಲಿ ಅದಕ್ಕೆ ಅದರದೇ ತರ್ಕವಿತ್ತು. ಆದರೆ ಗಾಡಿಯ ಕೊರತೆಯನ್ನು ಯಾರೋ ತುಂಬಲೇಬೇಕಿತ್ತು, ಆ ಲೆಕ್ಕ ಸವಾರನ ಖಾತೆಗೆ ಹೋಯಿತು.

ಸವಾರ ಎಂದರೆ ಇಲ್ಲಿ ಮುಖ್ಯವಾಗಿ ಡಿಸ್‌ಪ್ಯಾಚ್ ರೈಡರ್, ಸೇನೆಯ ಆಡುಮಾತಿನಲ್ಲಿ ‘ಡಾನ್ ಆರ್’. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಓಲೆಕಾರ ಅಥವಾ ಹರಿಕಾರ. (ಹರಿಕಾರ ಎಂದರೆ ಮೊದಲಿಗ ಎಂಬ ಅರ್ಥ ಈಚಿನದು, ಓಲೆ ಹೊತ್ತು ಓಡುವವನು ಎಂಬುದೇ ಹಿಂದಿನ ಅರ್ಥ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಏರ್ಪಡಿಸಿದ ಅಂಚೆ ನಡೆದದ್ದು ಇಂಥವರ ಕಾಲುಗಳ ಮೇಲೆ.) ಟೆಲಿಫೋನಿನ ತಂತಿ ಬಾಂಬಿಗೆ ತುಂಡಾಗುತ್ತದೆ, ನಿಸ್ತಂತುವಿನ ಮಾತನ್ನು ವೈರಿ ಕದ್ದು ಕೇಳುತ್ತಾನೆ. ಕಾಗದವೊಂದು ಖಚಿತವಾಗಿ ತಲುಪಬೇಕಾದರೆ ಅದನ್ನು ಮನುಷ್ಯನೇ ಒಯ್ಯಬೇಕು. ರಸ್ತೆ ಲಾರಿಗಳಿಂದ, ಟ್ಯಾಂಕುಗಳಿಂದ ಕಿಕ್ಕಿರಿದಿದ್ದರೆ ಹೊಲಕ್ಕೆ ಇಳಿದು ಬದುವಿನ ಮೇಲೆ ಹೋಗಬೇಕು. ಇನ್ನು ರಾತ್ರಿಯ ಮಾತು ಬೇರೆಯೇ. 1939ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ದೀಪ ಆರಿಸುವ ಆಜ್ಞೆ ಜಾರಿಯಲ್ಲಿತ್ತು. ಬೀದಿದೀಪವಿಲ್ಲ, ಹೆಡ್‌ಲೈಟಿಗೆ ಮುಸುಕು ಹಾಕಿ ಸಣ್ಣ ಸೀಳಿನಿಂದ ಬರುವ ಬೆಳಕಷ್ಟೇ. ಆ ಬೆಳಕಿನಲ್ಲಿ 170 ಕಿಲೋದ ಗಾಡಿಯನ್ನು ಅಪರಿಚಿತ ದಾರಿಯಲ್ಲಿ ಓಡಿಸಿದವರಲ್ಲಿ ನಿನ್ನೆಯ ತನಕ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕುಳಿತಿದ್ದ ಹುಡುಗರೇ ಬಹಳ. ಹೆಂಗಸರೂ ಇದ್ದರು. ನೌಕಾಪಡೆಯ ಮಹಿಳಾ ವಿಭಾಗದ ‘ರೆನ್’ಗಳು ಬಾಂಬು ಬೀಳುತ್ತಿದ್ದ ಊರುಗಳಲ್ಲಿ ಕಾಗದ ಹೊತ್ತು ತಿರುಗಿದರು.

ಇವರಿಗೆ ಕಲಿಸುವವರು ಯಾರು? ಸೇನೆ ಸ್ಪರ್ಧೆಯ ಲೋಕದ ಕಡೆಗೆ ಕೈ ಚಾಚಿತು. ಇಂಗ್ಲೆಂಡಿನ ವಾಯವ್ಯದ ಸರೋವರ ಸೀಮೆಯಲ್ಲಿ ಕೆಸಿಕ್ ಎಂಬ ಊರಿದೆ. ಹಿಂದೆ ಹೇಳಿದ 1913ರ ಸ್ಪರ್ಧೆಯ ಕಾರ್ಲೈಲಿಗೆ ಅದು ದೂರವಲ್ಲ. ಯುದ್ಧಕಾಲದಲ್ಲಿ ಅಲ್ಲಿ ಪದಾತಿದಳದ ಚಾಲನೆ ಮತ್ತು ದುರಸ್ತಿ ಶಾಲೆ ನಡೆಯುತ್ತಿತ್ತು. ಅದರ ಮೋಟಾರುಸೈಕಲ್ ವಿಭಾಗದ ಕೆಲಸ ಅಧಿಕಾರಿಗಳಿಗೂ ಕೆಳದರ್ಜೆಯ ನಾಯಕರಿಗೂ ರಸ್ತೆ ಬಿಟ್ಟು ಸವಾರಿ ಮಾಡುವುದನ್ನು ಕಲಿಸುವುದು. ಅಲ್ಲಿನ ಗುರುಗಳಲ್ಲೊಬ್ಬರು ಸಾರ್ಜೆಂಟ್ ಫ್ರೆಡ್ಡಿ ಫ್ರಿತ್. 1937ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಗಂಟೆಗೆ 90 ಮೈಲಿಗೂ ಮಿಕ್ಕ ಸರಾಸರಿಯಲ್ಲಿ ಒಂದು ಸುತ್ತು ಮುಗಿಸಿದ ಮೊದಲಿಗ ಅವರು. ಯುದ್ಧದ ನಂತರ 1949ರಲ್ಲಿ 350 ಸಿಸಿ ವರ್ಗದ ಮೊಟ್ಟಮೊದಲ ವಿಶ್ವ ಚಾಂಪಿಯನ್ ಆದರು. ರಸ್ತೆಯ ವೇಗಕ್ಕೆ ಹೆಸರಾದ ಮನುಷ್ಯ ಬಂಡೆಗಲ್ಲಿನ ಕಾಲುದಾರಿಯಲ್ಲಿ ಗಾಡಿ ನಡೆಸುವುದನ್ನು ಕಲಿಸಿದರೆಂಬುದು ನಮಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಆ ಕಾಲಕ್ಕೆ ಎರಡೂ ಒಂದೇ ವಿದ್ಯೆಯ ಎರಡು ಕೊಂಬೆಗಳಾಗಿದ್ದವು.

ಆ ವಿದ್ಯೆಯೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂದಿನಿಂದ ಇಂದಿನವರೆಗೆ ಬದಲಾಗದೆ ಉಳಿದಿರುವುದು ಅದೇ.

ಕಚ್ಚಾ ನೆಲದಲ್ಲಿ ಸವಾರ ಸೀಟಿನ ಮೇಲೆ ಕೂರುವುದಿಲ್ಲ, ಫುಟ್‌ರೆಸ್ಟಿನ ಮೇಲೆ ನಿಲ್ಲುತ್ತಾನೆ. ನೋಡುವವರಿಗೆ ಇದು ಶೂರತನದ ಪ್ರದರ್ಶನದಂತೆ ಕಾಣುತ್ತದೆ. ವಾಸ್ತವದಲ್ಲಿ ಕೂತವನಿಗಿಂತ ನಿಂತವನೇ ಸುರಕ್ಷಿತ. ಕೂತಾಗ ಸವಾರನ ಅರುವತ್ತೆಪ್ಪತ್ತು ಕಿಲೋ ತೂಕ ಗಾಡಿಯ ಬೆನ್ನಿಗೆ ಕಟ್ಟಿದ ಮೂಟೆಯಾಗುತ್ತದೆ: ಹಿಂದಿನ ಗಾಲಿ ಕಲ್ಲಿಗೆ ತಾಗಿ ನೆಗೆದರೆ ಮೂಟೆಯೂ ನೆಗೆಯುತ್ತದೆ, ನೆಗೆದದ್ದು ಬೀಳುವಾಗ ಗಾಡಿಯನ್ನೂ ಓಲಾಡಿಸುತ್ತದೆ. ನಿಂತಾಗ ಮೊಣಕಾಲು, ತೊಡೆಸಂದು, ಮೊಣಕೈಗಳೇ ಸ್ಪ್ರಿಂಗುಗಳಾಗುತ್ತವೆ. ಗಾಡಿ ಕೆಳಗೆ ತನಗೆ ಬೇಕಾದಂತೆ ಕುಣಿಯುತ್ತಿದ್ದರೂ ಮೈ ಸಮನಾಗಿ ಸಾಗುತ್ತದೆ. ಹಿಂಬದಿಗೆ ಸ್ಪ್ರಿಂಗೇ ಇಲ್ಲದ ಎಂ-20ರಲ್ಲಂತೂ ಇದು ಬೇಕಾದರೆ ಮಾಡುವ, ಬೇಡವಾದರೆ ಬಿಡುವ ಮಾತಾಗಿರಲಿಲ್ಲ. ಕುದುರೆ ಸವಾರರು ಅಂಕವಣೆಯ ಮೇಲೆ ಎದ್ದು ನಿಲ್ಲುವುದೂ ಇದಕ್ಕೇ. ಅಶ್ವದಳ ಕರಗಿ ಯಂತ್ರದಳವಾಗುತ್ತಿದ್ದ ಆ ಕಾಲದಲ್ಲಿ ಹಳೆಯ ಸವಾರರಿಗೆ ಈ ಪಾಠ ಹೊಸದೆನಿಸಿರಲಾರದು.

ಎರಡನೆಯದು ಕಣ್ಣು. ಮುಂದಿನ ಗಾಲಿಯ ಬುಡದ ಕಲ್ಲನ್ನು ನೋಡಿದವನು ಆ ಕಲ್ಲಿಗೇ ಹೋಗಿ ಹಾಯುತ್ತಾನೆ. ಹತ್ತಿಪ್ಪತ್ತು ಮಾರು ಆಚೆ, ತಾನು ಹೋಗಬೇಕಾದ ಜಾಗವನ್ನು ನೋಡಿದರೆ ಕೈಗಳು ತಾವೇ ಅತ್ತ ತಿರುಗುತ್ತವೆ. ಕೇಳಲು ಇದು ಸುಲಭ. ಭಯವಾದ ಕೂಡಲೇ ಕಣ್ಣು ಕೆಳಗೆ ಬೀಳುವುದರಿಂದ ಕಲಿಯಲು ಇದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ.

ಮೂರನೆಯದು, ಮತ್ತು ಭಾರಿ ಗಾಡಿಗೆ ವಿಶೇಷವಾದದ್ದು, ನಿಧಾನ. ಹಗುರ ಗಾಡಿಯಲ್ಲಿ ತಪ್ಪಿದರೆ ಕಾಲು ಊರಿ, ಎಳೆದು ಸರಿಪಡಿಸಬಹುದು. 170 ಕಿಲೋ ಒಮ್ಮೆ ಒಂದು ಕಡೆಗೆ ವಾಲಿತೆಂದರೆ ಅದನ್ನು ತಡೆಯಲು ಹೋದ ಕಾಲೇ ಮುರಿಯುತ್ತದೆ. ಆದ್ದರಿಂದ ವಾಲದಂತೆ ನೋಡಿಕೊಳ್ಳುವುದೇ ಇಲ್ಲಿನ ಕಲೆ. ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಹಿಡಿಯದೆ, ಎರಡು ಬೆರಳಿನಲ್ಲಿ ತೇಲಿಸುತ್ತ ನಡಿಗೆಯ ವೇಗದಲ್ಲಿ ಗಾಡಿ ಸಾಗಿಸಬೇಕು. ಇಲ್ಲಿ ಆ ಮುದಿ ಸೈಡ್-ವಾಲ್ವ್ ಎಂಜಿನ್ನಿನ ಗುಣ ಬೆಳಕಿಗೆ ಬರುತ್ತದೆ: ಭಾರವಾದ ಫ್ಲೈವೀಲು, ಕೆಳಗಿನ ಸುತ್ತಿನಲ್ಲೇ ಎಳೆಯುವ ಶಕ್ತಿ. ಕೆಸರಿನಲ್ಲಿ ಹಗುರವಾದ ಚುರುಕು ಎಂಜಿನ್ನು ಗಾಲಿಯನ್ನು ಗರಗರ ತಿರುಗಿಸಿ ಹೂತುಕೊಂಡರೆ, ಇದು ಎತ್ತಿನ ಹಾಗೆ ಒಂದೊಂದೇ ಹೆಜ್ಜೆ ಕಿತ್ತಿಟ್ಟು ಹೊರಬರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಗಾಲಿ ಜಾರುತ್ತದೆ. ಮೊದಲ ಗೇರಿನಲ್ಲಿಟ್ಟು, ಮೈಯನ್ನು ಹಿಂದಕ್ಕೆ ಒಯ್ದು, ಎಂಜಿನ್ನಿನ ಬಿಗಿತದಿಂದಲೇ ಇಳಿಯಬೇಕು. ಏರಿನಲ್ಲಿ ಎಂಜಿನ್ನು ನಿಂತುಹೋದರೆ ಗಾಬರಿಯಿಂದ ಕ್ಲಚ್ಚು ಹಿಡಿಯಬಾರದು. ಗೇರಿನಲ್ಲೇ ಬಿಟ್ಟರೆ ಸತ್ತ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಹಳ್ಳ ದಾಟುವಾಗ ನೀರು ಚಿಮ್ಮಿಸುವ ಉತ್ಸಾಹ ಬೇಡ. ಮ್ಯಾಗ್ನೆಟೋಗೆ ನೀರು ಹೊಕ್ಕರೆ ಕಿಡಿ ಸತ್ತು ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ. ಚಕ್ಕಡಿ ಕೊರೆದ ಕೊರಕಲಿಗೆ ಗಾಲಿ ಇಳಿದರೆ ಜಗಳವಾಡದೆ ಅದರೊಳಗೇ ಸಾಗಬೇಕು.

ಇವು ಒಂದೂ ಓದಿ ಕಲಿಯುವ ಸಂಗತಿಗಳಲ್ಲ. ಆದ್ದರಿಂದಲೇ ಅಭ್ಯಾಸದ ಕಣ ಬೇಕಾಯಿತು: ಬಿದ್ದರೂ ಪರವಾಗಿಲ್ಲ ಎನ್ನುವ ಜಾಗ, ಒಂದೇ ದಿನ್ನೆಯನ್ನು ಹತ್ತು ಸಲ ಹತ್ತಬಹುದಾದ ಜಾಗ. ಅಟ್ಲಾಂಟಿಕದ ಆಚೆ ಅಮೆರಿಕದ ಫೋರ್ಟ್ ನಾಕ್ಸ್‌ನಲ್ಲೂ ಕವಚಪಡೆಯ ಶಾಲೆ ಇದನ್ನೇ ಮಾಡಿತು; ಅಲ್ಲಿನ ಹಾರ್ಲೆ ಡಬ್ಲ್ಯುಎಲ್‌ಎ ಸುಮಾರು 740 ಸಿಸಿಯದು, ಎಂ-20ಗಿಂತ ಎಷ್ಟೋ ಭಾರ. ಅದು ಕೆಸರಿನಲ್ಲಿ ಈಜುವ, ದಿಬ್ಬದಿಂದ ಹಾರುವ 1942ರ ಸರಕಾರಿ ಫೋಟೋಗಳು ಇಂದಿಗೂ ಪ್ರಸಿದ್ಧ. ಆದರೆ ಅಮೆರಿಕದವರಿಗೆ ಬೇಗನೆ ಜೀಪು ಸಿಕ್ಕಿತು.

ಈಗ ಸಾವಿನ ಲೆಕ್ಕಕ್ಕೆ ಬರೋಣ.

1935ರ ಮೇ 13ರಂದು ‘ಅರೇಬಿಯದ ಲಾರೆನ್ಸ್’ ಎಂದು ಜಗತ್ತು ಬಲ್ಲ ಟಿ. ಇ. ಲಾರೆನ್ಸ್ ತನ್ನ ಬ್ರೋ ಸುಪೀರಿಯರ್ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದಾಗ ಸೈಕಲ್ಲಿನ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಗಿತ್ತು, ಆರು ದಿನ ಪ್ರಜ್ಞೆ ಬರಲಿಲ್ಲ, 19ರಂದು ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕರಾದ ಮೆದುಳಿನ ತಜ್ಞರು. ತಲೆಯ ಹೊರಗೆ ತಡೆಯಬಹುದಾಗಿದ್ದ ಪೆಟ್ಟನ್ನು ಒಳಹೊಕ್ಕ ಮೇಲೆ ಸರಿಪಡಿಸಲಾಗದೆಂಬ ಸಂಗತಿ ಅವರನ್ನು ಬಿಡಲಿಲ್ಲ. ಯುದ್ಧ ಬಂದು ಸೇನೆಯ ತಲೆಗಾಯದ ಆಸ್ಪತ್ರೆಯ ಹೊಣೆ ಅವರ ಪಾಲಿಗೆ ಬಂದಾಗ ಮಂಚದ ಮೇಲೆ ಬಂದು ಮಲಗಿದವರಲ್ಲಿ ಗುಂಡೇಟು ತಿಂದವರಷ್ಟೇ ಇರಲಿಲ್ಲ. ತಮ್ಮದೇ ದೇಶದ ರಸ್ತೆಯಲ್ಲಿ ಬಿದ್ದ ಸವಾರರೂ ಇದ್ದರು.

ಕೇರ್ನ್ಸ್ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದ ಲೆಕ್ಕ ಇದು: ಯುದ್ಧದ ಮೊದಲ 21 ತಿಂಗಳಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ ಮೋಟಾರುಸೈಕಲ್ ಸವಾರರು ಮತ್ತು ಹಿಂದೆ ಕೂತವರು 2,279 ಮಂದಿ. ಹೆಲ್ಮೆಟ್ ಧರಿಸಿದ್ದು ಗಾಯಗೊಂಡವರಾಗಿ ಅವರಿಗೆ ಸಿಕ್ಕ ಪ್ರಕರಣಗಳು ಏಳೇ ಏಳು. ಆ ಏಳರಲ್ಲಿ ಒಬ್ಬರೂ ಸತ್ತಿರಲಿಲ್ಲ. ಏಳು ಎಂಬುದು ಸಣ್ಣ ಸಂಖ್ಯೆಯೆಂದು ಕೇರ್ನ್ಸ್‌ರಿಗೂ ಗೊತ್ತಿತ್ತು. ಆದರೂ ಸೇನೆ ಕಿವಿಗೊಟ್ಟಿತು. ಅದೇ ವರ್ಷದ ನವೆಂಬರಿನಿಂದ ಕರ್ತವ್ಯದ ಮೇಲಿರುವ ಪ್ರತಿಯೊಬ್ಬ ಸೇನಾ ಸವಾರ ಹೆಲ್ಮೆಟ್ ಧರಿಸಬೇಕೆಂದು ಆಜ್ಞೆಯಾಯಿತು. ಒತ್ತಿ ಗಟ್ಟಿಮಾಡಿದ ಕಾಗದದ ತಿರುಳಿನಿಂದಲೂ ರಬ್ಬರಿನಿಂದಲೂ ಮಾಡಿದ, ಕುತ್ತಿಗೆಗೆ ಚರ್ಮದ ಪಟ್ಟಿ ಇಳಿಬಿಟ್ಟ ಟೊಪ್ಪಿಗೆಗಳವು. ಇಂದಿನವರಿಗೆ ನಗು ತರಿಸುವಂಥವು. 1946ರಲ್ಲಿ ಕೇರ್ನ್ಸ್ ಇಡೀ ಯುದ್ಧಕಾಲದ ಸಾವುಗಳನ್ನು ತಿಂಗಳುವಾರು ಜೋಡಿಸಿ ತೋರಿಸಿದಾಗ, ಆಜ್ಞೆಯಾದ ನಂತರ ಗೆರೆ ಕೆಳಗಿಳಿಯುತ್ತ ಹೋದದ್ದು ಸ್ಪಷ್ಟವಾಗಿತ್ತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗುತ್ತದೆ. ಅಭ್ಯಾಸದ ಕಣ, ಹೆಲ್ಮೆಟ್, ಹೊಸ ಗಾಡಿ — ಒಂದೇ ಅಪಾಯಕ್ಕೆ ಇವು ಮೂರು ಉತ್ತರಗಳು. ಸವಾರನ ಮೈಯನ್ನು ತಿದ್ದುವುದು ಎಲ್ಲಕ್ಕಿಂತ ಅಗ್ಗ; ಅದು ಮೊದಲು ಬಂತು. ಅವನ ತಲೆಯನ್ನು ಕಾಯುವುದು ಎರಡು ವರ್ಷ ತಡವಾಗಿ ಬಂತು. ಗಾಡಿಯನ್ನೇ ತಿದ್ದುವುದು ಅರೆಬರೆ ನಡೆಯಿತು. 1941ರಲ್ಲಿ ಟೆಲಿಸ್ಕೋಪಿಕ್ ಫೋರ್ಕು ಹೊತ್ತು ಬಂದ ಮ್ಯಾಚ್‌ಲೆಸ್ ಜಿ3/ಎಲ್ ಸುಮಾರು 150 ಕಿಲೋ ಇತ್ತು. ಸವಾರರು ಅದನ್ನು ಕಂಡರೆ ಮುಗಿಬೀಳುತ್ತಿದ್ದರು. ರಾಯಲ್ ಎನ್‌ಫೀಲ್ಡ್ ಕಂಪನಿ ಪ್ಯಾರಾಶೂಟಿನಿಂದ ಇಳಿಸಲು ಮಾಡಿದ 125 ಸಿಸಿಯ ‘ಫ್ಲೈಯಿಂಗ್ ಫ್ಲೀ’ಯ ತೂಕ 60 ಕಿಲೋ ಮುಟ್ಟುತ್ತಿರಲಿಲ್ಲ, ಸೈನಿಕರು ಬೇಲಿಯಾಚೆಗೆ ಎತ್ತಿ ದಾಟಿಸಬಲ್ಲ ಗಾಡಿ. ಹಗುರವಾದದ್ದನ್ನು ಮಾಡುವುದು ಆ ಕಾಲಕ್ಕೂ ಅಸಾಧ್ಯವಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಯುದ್ಧ ಮುಗಿಯುವವರೆಗೆ ಹೆಚ್ಚಿನವರ ಕಾಲ ಕೆಳಗಿದ್ದದ್ದು ಅದೇ ಎಂ-20, ಅದೇ 16ಎಚ್. ಕೆಸಿಕ್‌ನಂಥ ಶಾಲೆಗಳ ಕೌಶಲವನ್ನು ಹೊಗಳುವಾಗ, ಅದು ಗಾಡಿಯ ಅಯೋಗ್ಯತೆಯನ್ನು ಮುಚ್ಚಲು ಬೇಕಾದ ಕೌಶಲವೂ ಆಗಿತ್ತೆಂಬುದನ್ನು ಹೇಳದೆ ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ.

ಈ ಪರಂಪರೆ ಭಾರತಕ್ಕೆ ಬಂದ ದಾರಿ ನಮಗೆ ಹತ್ತಿರದ್ದು. ಜಬಲ್ಪುರದಲ್ಲಿ ನೆಲೆಯಿದ್ದ ಸೇನೆಯ ಸಿಗ್ನಲ್ಸ್ ದಳ 1935ರಲ್ಲೇ ‘ಡೇರ್‌ಡೆವಿಲ್ಸ್’ ಎಂಬ ಮೋಟಾರುಸೈಕಲ್ ತಂಡ ಕಟ್ಟಿತ್ತು. ದಿಲ್ಲಿಯ ನಮ್ಮ ಗೆಳೆಯರು ಜನವರಿ 26ರ ಮೆರವಣಿಗೆಯಲ್ಲಿ ಗೋಪುರದಂತೆ ಒಬ್ಬರ ಮೇಲೊಬ್ಬರು ನಿಂತು ಸಾಗುವ ಸವಾರರನ್ನು ನೋಡಿರುತ್ತಾರೆ. ಅದರ ಮೂಲ ಡಿಸ್‌ಪ್ಯಾಚ್ ರೈಡರನ ಸಮತೋಲದ ಅಭ್ಯಾಸದಲ್ಲಿದೆ. ಬೆಂಗಳೂರಿನಲ್ಲಿ ನೆಲೆಯಿರುವ ಸೇನಾ ಪೊಲೀಸರ ‘ಶ್ವೇತ ಅಶ್ವ’, ಆರ್ಮಿ ಸರ್ವಿಸ್ ಕೋರ್‌ನ ‘ಟಾರ್ನೆಡೋಸ್’ ತಂಡಗಳು ಅದೇ ಕುಲದವು. ಶ್ವೇತ ಅಶ್ವ ಎಂಬ ಹೆಸರಿನಲ್ಲಿ ಕುದುರೆ ಉಳಿದುಕೊಂಡಿರುವುದು ನಮಗೆ ಇಷ್ಟವಾಗುವ ಸಂಗತಿ.

ಸ್ವತಂತ್ರ ಭಾರತದ ಸೇನೆ ಗಡಿ ಕಾಯಲು 1950ರ ದಶಕದ ಆರಂಭದಲ್ಲಿ ಆರಿಸಿಕೊಂಡದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್ 350. ಇಂದು ನಾವು ಬುಲೆಟ್ ಎಂದರೆ ಟಾರು ರಸ್ತೆಯಲ್ಲಿ ಡಬಡಬ ಸದ್ದು ಮಾಡುತ್ತ ಗಾಂಭೀರ್ಯದಿಂದ ಸಾಗುವ, ಮಣ್ಣಿಗೆ ಒಗ್ಗದ ಭಾರದ ಗಾಡಿಯೆಂದೇ ಭಾವಿಸುತ್ತೇವೆ. ಇತಿಹಾಸ ಬೇರೆಯದೇ ಮಾತು ಹೇಳುತ್ತದೆ. ಹಿಂದಿನ ಗಾಲಿಗೆ ಸ್ವಿಂಗಿಂಗ್ ಆರ್ಮ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಸಿದ ಹೊಸ ಬುಲೆಟ್ 1948ರಲ್ಲಿ ಲೋಕದ ಕಣ್ಣಿಗೆ ಬಿದ್ದದ್ದೇ ಕೆಸರಿನ ಸ್ಪರ್ಧೆಗಳಲ್ಲಿ. ಹಿಂಬದಿಗೆ ಸ್ಪ್ರಿಂಗಿದ್ದರೆ ಟ್ರಯಲ್ ಗೆಲ್ಲಲಾಗದೆಂದು ಹಳಬರು ತಲೆಯಾಡಿಸಿದ್ದರು. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬ್ರಿಟನ್ನಿನ ತಂಡ ಗೆದ್ದಾಗ ಅದರಲ್ಲಿ ಇಬ್ಬರು ಸವಾರರ ಕೆಳಗಿದ್ದದ್ದು ಈ ಬುಲೆಟ್. ಇಬ್ಬರಿಗೂ ಚಿನ್ನದ ಪದಕ. 1952ರಲ್ಲೂ 1957ರಲ್ಲೂ ಜಾನಿ ಬ್ರಿಟನ್ ಸ್ಕಾಟ್‌ಲೆಂಡಿನ ಆರು ದಿನಗಳ ಟ್ರಯಲ್ ಗೆದ್ದದ್ದು ಬುಲೆಟ್ ಮೇಲೆಯೇ. ಎಂ-20ರ ಸವಾರನಿಗೆ ಬೇಕಾಗಿದ್ದು, ಸಿಗದೆ ಹೋದದ್ದು ಇಂಥ ಗಾಡಿ.

1955ರಲ್ಲಿ ಮದ್ರಾಸಿನ ಉತ್ತರದ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ನಿಂತಿತು. ಚೆನ್ನೈಯ ಕನ್ನಡಿಗರಿಗೆ ಆ ಹೆಸರು ಹೊಸದಲ್ಲ. ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಬುಲೆಟ್ ನಿಂತುಹೋಯಿತು, ಇಲ್ಲಿ ಉಳಿಯಿತು. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ಸಮೇತ ದಶಕಗಟ್ಟಲೆ ಹಾಗೆಯೇ ಉಳಿಯಿತು. ಇಲ್ಲಿ ಅದಕ್ಕೆ ಕ್ರ್ಯಾಶ್‌ಗಾರ್ಡು ಬಂತು, ಹಾಲಿನ ಕ್ಯಾನು ಬಂತು, ಇಡೀ ಸಂಸಾರ ಏರಿತು, ಪೊಲೀಸ್ ಅಧಿಕಾರಿಯ ಮತ್ತು ಊರ ಗೌಡರ ಠೀವಿ ಸೇರಿಕೊಂಡಿತು. ಕೆಸರಿನಲ್ಲಿ ಹುಟ್ಟಿದ ಗಾಡಿ ಹೀಗೆ ಗತ್ತಿನ ಗಾಡಿಯಾಯಿತು. (ಮೈಸೂರಿನವರು ಇಲ್ಲಿ ನಮ್ಮನ್ನು ತಡೆದು ಜಾವಾದ ಮಾತೆತ್ತುವುದು ಖಂಡಿತ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿನ ಜಾವಾ, ಯೆಜ್ದಿಗಳು ಬುಲೆಟ್‌ಗಿಂತ ಹಗುರ, ಎರಡು ಸ್ಟ್ರೋಕಿನವು. ಮಲೆನಾಡಿನ ಎಷ್ಟೋ ಎಸ್ಟೇಟುಗಳ ಮಳೆಗಾಲದ ದಾರಿಗಳನ್ನು ಅವು ಯಾವ ತರಬೇತಿಯೂ ಇಲ್ಲದ ಸವಾರರ ಕೈಯಲ್ಲಿ ದಾಟಿದವು. ಆ ಕಥೆಗೆ ಪ್ರತ್ಯೇಕ ಲೇಖನವೇ ಬೇಕು.)

ಮಣ್ಣಿನ ಆಟಕ್ಕೆ ಹಗುರ ಗಾಡಿಗಳು ಬೇರೆಯಾಗಿ ಬೆಳೆದ ಮೇಲೆ, 1960-70ರ ದಶಕಗಳಲ್ಲಿ, ಭಾರಿ ಗಾಡಿಯನ್ನು ಕಣಕ್ಕಿಳಿಸುವ ವಿದ್ಯೆ ಸೇನೆಯ ಆವರಣಗಳಿಗೆ ಸೀಮಿತವಾಯಿತು. ಅದು ಹೊರಬಂದದ್ದು 1980ರಲ್ಲಿ ಬಿಎಂಡಬ್ಲ್ಯು ತನ್ನ 800 ಸಿಸಿ ರಸ್ತೆಗಾಡಿಯನ್ನು ಎತ್ತರಿಸಿ ಆರ್80 ಜಿ/ಎಸ್ ಎಂದು ತಂದಾಗ. ಆ ಎರಡು ಅಕ್ಷರಗಳಲ್ಲಿ ಒಂದು ಕಾಡುನೆಲಕ್ಕೆ, ಇನ್ನೊಂದು ರಸ್ತೆಗೆ. ಮರುವರ್ಷ ಊಬೇರ್ ಓರಿಯೋಲ್ ಅದರ ಮೇಲೆ ಪ್ಯಾರಿಸ್-ಡಕಾರ್ ಗೆದ್ದ ಮೇಲೆ ಇಂಥ ಗಾಡಿ ಕೊಳ್ಳುವವರ ಸಾಲು ಬೆಳೆಯಿತು. ಕೊಂಡವರಿಗೆ ಉಸುಕಿನಲ್ಲಿ ಅದನ್ನು ನಡೆಸಲು ಬರುತ್ತಿರಲಿಲ್ಲ. ಜರ್ಮನಿಯಲ್ಲಿ ಹೆಕ್ಲಿಂಗೆನ್‌ನ ಹಳೆಯ ಕಲ್ಲುಗಣಿಯಲ್ಲಿ ಕಂಪನಿಯೇ ಅಭ್ಯಾಸದ ಕಣ ತೆರೆಯಿತು. ನಮ್ಮಲ್ಲಿ 2016ರಲ್ಲಿ ಬಂದ ಹಿಮಾಲಯನ್ ಎಂಬ 411 ಸಿಸಿ ಗಾಡಿ ಇದೇ ಬಾಗಿಲು ತೆರೆಯಿತು. 2015ರಲ್ಲಿ ಡಕಾರ್ ಪಂದ್ಯವನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್ ಕೋಲಾರದ ಬಳಿ ಕಟ್ಟಿದ ಕಣವನ್ನೂ ಈ ಸಾಲಿನಲ್ಲಿ ಹೆಸರಿಸಬೇಕು. ಹಿಮಾಲಯನ್‌ನಂಥವು ಮಣ್ಣಿಗೂ ಸಲ್ಲುವಂತೆ ಮಾಡಿದವು. ಟಾರಿಗೆಂದೇ ಮಾಡಿದ 650 ಸಿಸಿಯವನ್ನೂ ಕಣಕ್ಕೆ ಒಯ್ಯುವವರಿದ್ದಾರೆ; ಅವರೇ ಎಂ-20ರ ನಿಜವಾದ ವಾರಸುದಾರರು.

ಇಂಥ ಕಣಗಳಲ್ಲಿ ಇಂದು ಕಲಿಸುವುದು ಕೆಸಿಕ್‌ನ ಪಾಠವನ್ನೇ. ನಿಲ್ಲು, ದೂರ ನೋಡು, ಕ್ಲಚ್ಚು ತೇಲಿಸು, ಗಾಡಿಯೊಡನೆ ಜಗಳವಾಡಬೇಡ. ಒಂದೇ ದೊಡ್ಡ ವ್ಯತ್ಯಾಸವೆಂದರೆ ಇಂದಿನ ಸವಾರ ತನ್ನ ಗಾಡಿಯನ್ನು ತಾನೇ ಆರಿಸಿಕೊಂಡಿರುತ್ತಾನೆ. ಬಿದ್ದರೆ ಕಾಗದ ತಲುಪಿಸುವ ಹೊಣೆ ಅವನ ಮೇಲಿಲ್ಲ. ಆದರೆ ಇಷ್ಟವಿಲ್ಲದೆ ಕಚ್ಚಾ ದಾರಿ ಹಿಡಿಯುವವರು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಘಾಟಿನ ಅಗೆದ ರಸ್ತೆಯಲ್ಲಿ ಪಾರ್ಸೆಲ್ ಹೊತ್ತು ಸಾಗುವ ಹುಡುಗ, ಮಳೆಗಾಲದಲ್ಲಿ ಸಿಲಿಂಡರು ಕಟ್ಟಿಕೊಂಡು ಹಳ್ಳ ದಾಟುವವನು: ಇವರು ಇಂದಿನ ‘ಡಾನ್ ಆರ್’ಗಳು. ಇವರಿಗೆ ಕೆಸಿಕ್ ಇಲ್ಲ. ಕಣದಲ್ಲಿ ಕಲಿಯಲು ದುಡ್ಡು ಕೊಡುವವರಿಗಿಂತ ಈ ಪಾಠ ಬೇಕಾಗಿರುವುದು ಇವರಿಗೆ ಎಂದು ನಾವು ತಿಳಿದಿದ್ದೇವೆ.

ಕೇರ್ನ್ಸ್ 1952ರ ಜುಲೈನಲ್ಲಿ ತೀರಿಕೊಂಡರು, ಜಾನಿ ಬ್ರಿಟನ್ ಬುಲೆಟ್ ಮೇಲೆ ಮೊದಲ ಸಲ ಸ್ಕಾಟ್‌ಲೆಂಡ್ ಗೆದ್ದ ವರ್ಷವೇ. 1941ರ ಆಜ್ಞೆ ಕರ್ತವ್ಯದ ಮೇಲಿದ್ದ ಸೇನಾ ಸವಾರನಿಗೆ ಮಾತ್ರ ಅನ್ವಯವಾಗುತ್ತಿತ್ತು. ಅದೇ ಸವಾರ ರಜೆಯಲ್ಲಿ ತನ್ನ ಗಾಡಿ ಹತ್ತಿದರೆ ಬರಿತಲೆಯಲ್ಲಿ ಹೋಗಬಹುದಿತ್ತು. ಬ್ರಿಟನ್ನಿನ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಅದನ್ನು ಹೇಳುತ್ತದೆ.